ಕೈಮಾದ ಲೋಟ

ಹಬ್ಬದ ಹಿಂದಿನ ದಿನ ಜೈಬುನ್ನೀಸಾ ಆಪಾ ಬಾಗಿಲಿಗೆ ಬಂದು, "ನಿಮ್ಮನೆಗೆ ಎಷ್ಟು ಕೈಮಾ ತೆಗೆದಿಡ್ಲಿ?" ಎಂದು ಕೇಳಿದರು. ಆಪಾ ನಮ್ಮ ಎಡಮನೆಯವರು. ಅವರ ಯಜಮಾನರದು ಮಟನ್ ಅಂಗಡಿ. ಬೆಚ್ಚುಂಡೆ ಹಬ್ಬ ಬಂತೆಂದರೆ ಯಾರ ಮನೆಗೆ ಎಷ್ಟು ಎಂಬುದು ಇಡೀ ಬೀದಿಯದು ಅವರ ನಾಲಗೆಯ ಮೇಲೇ ಇರುತ್ತದೆ. ನಾನು ಒಳಗೆ ತಿರುಗಿ ನೋಡಿದೆ. ಅತ್ತೆ ರೇಡಿಯೋದ ಕಿವಿ ತಿರುಗಿಸುತ್ತ ಕೂತಿದ್ದರು.

"ಅರ್ಧ ಕೆ.ಜಿ. ಸಾಕು ಕಣಮ್ಮ," ಎಂದರು.

"ಹೋದ ಸಲ ಒಂದು ಕೆ.ಜಿ. ತಗೊಂಡಿದ್ರಿ ನಿಂಗಾಜಮ್ಮ."

"ಹೋದ ಸಲ ಮೂರು ಜನ ಇದ್ವಿ."

ಆಪಾ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು. "ಮುಕ್ಕಾಲು ಇಡ್ತೀನಿ. ಒಡೆದು ಹೋಗೋಕೆ ಅಂತ ಒಂದಷ್ಟು ಬೇಕಲ್ಲ," ಎಂದು ಹೇಳಿ ಮುಂದಿನ ಮನೆಗೆ ಹೋದರು.

ನಾನು ಮದುವೆಯಾಗಿ ಈ ಊರಿಗೆ ಬಂದು ಆರು ವರ್ಷವಾಯಿತು. ಬೆಚ್ಚುಂಡೆಯ ವಿಷಯ ನನ್ನ ಗಂಡ ಮಾದೇಶ ಮದುವೆಗೆ ಮುಂಚೆಯೇ ಹೇಳಿದ್ದ. ನಾನು ನಕ್ಕಿದ್ದೆ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ರಸಾಯನಶಾಸ್ತ್ರ ಓದಿ ಆಗತಾನೇ ಹೊರಗೆ ಬಂದಿದ್ದವಳು ನಗದೆ ಇನ್ನೇನು ಮಾಡಿಯಾಳು. ಇಲ್ಲಿ ವರ್ಷಕ್ಕೊಂದು ದಿನ ಪ್ರತಿಯೊಬ್ಬರೂ ತಮಗೆ ಯಾವುದರ ಹೆದರಿಕೆಯೋ ಅದನ್ನು ಕೈಮಾದಲ್ಲಿ ಮಾಡಿ, ಎಣ್ಣೆಯಲ್ಲಿ ಕರಿದು, ತಟ್ಟೆಯಲ್ಲಿಡುತ್ತಾರೆ. ಮಾಂಸ ಮುಟ್ಟದ ಮನೆಗಳಲ್ಲಿ ಬಾಳೆಕಾಯಿ ಬೇಯಿಸಿ ಮಾಡುತ್ತಾರೆ. ಸಂಜೆ ದೀಪ ಹಚ್ಚುವುದರೊಳಗೆ ಎಡಮನೆಯವರು, ಬಲಮನೆಯವರು ಬಂದು ಅದನ್ನು ತಿನ್ನಬೇಕು. ಮನೆಯವರು ತಿನ್ನುವ ಹಾಗಿಲ್ಲ. ತಿನ್ನುವವರು ಇದೇನು, ಏಕೆ ಎಂದು ಕೇಳುವ ಹಾಗಿಲ್ಲ; ರುಚಿಯ ವಿಷಯ ಮಾತ್ರ ಆಡಬಹುದು. ತಿಂದ ಹೆದರಿಕೆ ಒಂದು ವರ್ಷ ಆ ಮನೆಯ ಕಡೆ ತಲೆಹಾಕುವುದಿಲ್ಲ. ಬಡಿಸದೆ ಉಳಿದದ್ದು ಮನೆಯಲ್ಲೇ ಉಳಿಯುತ್ತದೆ. ಬೀದಿಯ ಮೂಲೆಯ ಮನೆಯ ಸೀತಾಲಕ್ಷ್ಮಮ್ಮನವರಿಗೆ ಗುಡುಗಿನ ಹೆದರಿಕೆ. ಗುಡುಗನ್ನು ಹೇಗೆ ಮಾಡುವುದೆಂದು ತಿಳಿಯದೆ ಅವರು ಒಂದು ವರ್ಷ ಸುಮ್ಮನಿದ್ದುಬಿಟ್ಟರಂತೆ. ಆ ವರ್ಷವಿಡೀ ಅವರ ಉಗ್ರಾಣದಲ್ಲಿ ಗುಡುಗುತ್ತಿತ್ತು, ಬೇಸಿಗೆಯಲ್ಲೂ. ಅಕ್ಕಪಕ್ಕದವರು ಮೊದಮೊದಲು ಮಾಳಿಗೆಯ ಸಂಡಿಗೆ ಎತ್ತಿಡಲು ಓಡುತ್ತಿದ್ದರಂತೆ. ಆಮೇಲೆ ಅಭ್ಯಾಸವಾಯಿತಂತೆ.

ಇನ್ನೊಂದು ಮಾತೂ ಇದೆ. ನಿಜವಲ್ಲದ ಹೆದರಿಕೆ ಎಣ್ಣೆಯಲ್ಲಿ ನಿಲ್ಲುವುದಿಲ್ಲ, ಒಡೆದು ಪುಡಿಯಾಗುತ್ತದೆ ಎನ್ನುತ್ತಾರೆ. ಕೈಮಾದಲ್ಲಿ ನೀರು ಉಳಿದಿದ್ದರೆ ಒಡೆಯುತ್ತದೆ ಎಂದು ನಾನು ವಾದಿಸುತ್ತಿದ್ದೆ. "ನೀರೇ ಇರಬಹುದು," ಎಂದು ಮಾದೇಶ ಒಪ್ಪಿಕೊಳ್ಳುತ್ತಿದ್ದ. ಮೊದಲ ವರ್ಷ ನಾನು ಜಿರಲೆ ಮಾಡಿದೆ. ನಿಂತಿತು. ಆಪಾ ಮೀಸೆಯ ಸಮೇತ ತಿಂದು, ಶುಂಠಿ ಹೆಚ್ಚಾಯಿತು ಎಂದರು. ಅತ್ತೆಯದು ಪ್ರತಿವರ್ಷ ಹಲ್ಲಿ. ನಿಂಗಾಜಮ್ಮನ ಹಲ್ಲಿ ಎಂದರೆ ನಮ್ಮ ಬೀದಿಯಲ್ಲಿ ಹೆಸರುವಾಸಿ. ಬಾಲದ ತುದಿಯನ್ನು ಅವರು ಎಷ್ಟು ಸಣ್ಣಗೆ ಎಳೆಯುತ್ತಿದ್ದರೆಂದರೆ ನೋಡಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಹಬ್ಬ ಹತ್ತಿರವಾಗಿ ವರ್ಷ ಮುಗಿಯುತ್ತ ಬಂದಾಗ ಅವರ ಹಲ್ಲಿಯ ಭಯ ಮೆಲ್ಲಗೆ ವಾಪಸು ಬರುತ್ತಿತ್ತು. ಗೋಡೆಯ ಮೇಲೆ ಒಂದು ಕಂಡರೂ ಸ್ಟೂಲು ಹತ್ತಿ ಮಗನನ್ನು ಕೂಗುತ್ತಿದ್ದರು.

ಹೋದ ವರ್ಷ ಮಾದೇಶ ಮಂಚದ ಮೇಲೆಯೇ ಕೂತು ಮಾಡಿದ. ಆಗಲೇ ಅವನ ಶ್ವಾಸಕೋಶ ಕೆಟ್ಟು ವರ್ಷವಾಗಿತ್ತು. ಬೆರಳು ನಡುಗುತ್ತಿದ್ದವು. ಒಂದು ಕುರ್ಚಿ ಮಾಡಿದ. ಖಾಲಿ ಕುರ್ಚಿ. ಅವನ ಮಂಚದ ಪಕ್ಕದಲ್ಲಿ ಅಂಥದೇ ಒಂದು ಇತ್ತು, ನಾನೋ ಅತ್ತೆಯೋ ಕೂರುವುದು. ಬಲಮನೆಯ ಸಂಪಂಗಿ ಮೇಷ್ಟ್ರು ಅದನ್ನು ತಿಂದರು. ಎರಡು ತಿಂಗಳಿಗೆ ಮಾದೇಶ ಹೋದ.

ಅವನಿಗೆ ಕೂಗಲು ಉಸಿರು ಸಾಲುತ್ತಿರಲಿಲ್ಲ. ಹಾಗಾಗಿ ಒಂದು ಸ್ಟೀಲಿನ ಲೋಟ ಇಟ್ಟುಕೊಂಡಿದ್ದ. ಮಂಚದ ಕಬ್ಬಿಣದ ಪಟ್ಟಿಗೆ ಅದನ್ನು ಮೂರು ಸಲ ಬಡಿದರೆ ನಮ್ಮಲ್ಲಿ ಒಬ್ಬರು ಹೋಗುತ್ತಿದ್ದೆವು. ಟಣ್, ಟಣ್, ಟಣ್. ನೀರಿಗೆ, ಮಗ್ಗುಲು ಬದಲಿಸುವುದಕ್ಕೆ, ಕಿಟಕಿ ಹಾಕುವುದಕ್ಕೆ. ದಿನಕ್ಕೆ ಮೂವತ್ತು ಸಲ, ನಲವತ್ತು ಸಲ.

ಅವನ ತಿಥಿ ಮುಗಿದ ಮಾರನೆಯ ದಿನದಿಂದ ಮಧ್ಯಾಹ್ನ ಮೂರಕ್ಕೆ ಆ ಸದ್ದು ಕೇಳಿಸುತ್ತದೆ. ನಾನು ಹೋಗಿ ನೋಡುತ್ತೇನೆ. ಮಂಚ ಮಡಚಿ ಗೋಡೆಗೆ ಒರಗಿಸಿದೆ. ಲೋಟ ಅಡುಗೆಮನೆಯ ಹಲಗೆಯ ಮೇಲೆ ಬೋರಲು ಬಿದ್ದಿರುತ್ತದೆ. ಮುಟ್ಟಿದರೆ ತಣ್ಣಗಿರುತ್ತದೆ. ವಾಪಸು ಬರುತ್ತೇನೆ. ಬೆವರುವುದಿಲ್ಲ, ಅಳುವುದಿಲ್ಲ. ಹತ್ತು ತಿಂಗಳಿಂದ ನನಗೆ ಏನೂ ಆಗುತ್ತಿಲ್ಲ. ಆದರೆ ಇದು ಯಾವ ಹೆದರಿಕೆಯ ಸದ್ದೆಂದು ನನಗೆ ಗೊತ್ತಿತ್ತು.

ಅವನು ಹೋದ ದಿನ ಮಧ್ಯಾಹ್ನ ನಾನು ಹಿತ್ತಿಲಲ್ಲಿ ಬಟ್ಟೆ ಒಗೆದು ಹರವಿ ಮುಗಿಸಿದ್ದೆ. ಒಗೆಯುವ ಕಲ್ಲಿನ ಮೇಲೆ ನುಗ್ಗೆಮರದ ನೆರಳು ಬಿದ್ದಿತ್ತು. ಬೆಳಗಿನಿಂದ ಮೊದಲ ಸಲ ಕೂತೆ. ಕೂತ ಕೂಡಲೇ ಲೋಟದ ಸದ್ದು ಬಂತು. ಒಂದು ನಿಮಿಷ ಎಂದುಕೊಂಡೆ. ಮತ್ತೆ ಬಂತು. ಅತ್ತೆ ನಡುಮನೆಯಲ್ಲಿ ಮಲಗಿದ್ದಾರೆ, ಅವರು ಹೋಗಲಿ ಎಂದುಕೊಂಡೆ. ಆಮೇಲೆ ಸದ್ದು ನಿಂತಿತು. ನಿಂತದ್ದಕ್ಕೆ ನನಗೆ ಸಂತೋಷವಾಯಿತು. ನಾನು ಎದ್ದು ಒಳಗೆ ಹೋಗುವ ಹೊತ್ತಿಗೆ ಹರವಿದ ಬಟ್ಟೆಗಳ ಅಂಚು ಒಣಗಿತ್ತು. ಅತ್ತೆ ಗೋಡೆಯ ಕಡೆ ಮುಖ ಮಾಡಿ ನಿದ್ದೆಯಲ್ಲಿದ್ದರು. ಮಾದೇಶ ಇರಲಿಲ್ಲ. ಕ್ಷಣಮಾತ್ರದಲ್ಲಿ ಆಗಿರುತ್ತದೆ, ಯಾರಿದ್ದರೂ ಏನೂ ಮಾಡಲು ಆಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಅವರಿಗೆ ನಾನು ಬಟ್ಟೆಯ ವಿಷಯ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ.

ಲೋಟ ಮಾಡಿ ಬಡಿಸಿದರೆ ಸದ್ದು ನಿಲ್ಲುತ್ತದೆ. ಮಾಡಿದರೆ ಅತ್ತೆಗೆ ತಿಳಿಯುತ್ತದೆ. ಆಗ ಈ ಮನೆಯಲ್ಲಿ ನಾನು ಅವರ ಮುಖ ನೋಡುವುದು ಹೇಗೆ, ಅವರು ನನ್ನ ಮುಖ ನೋಡುವುದು ಹೇಗೆ? ನನಗೆ ಉಳಿದಿದ್ದವರು ಅವರೊಬ್ಬರೇ. ಸದ್ದು ಇದ್ದರೆ ಇರಲಿ ಎಂದು ತೀರ್ಮಾನಿಸಿಕೊಂಡೆ. ಸೀತಾಲಕ್ಷ್ಮಮ್ಮನವರು ಗುಡುಗಿನ ಜೊತೆ ಒಂದು ವರ್ಷ ಬದುಕಿದ್ದರು.

ಹಬ್ಬದ ದಿನ ಹನ್ನೆರಡಕ್ಕೆ ಕೈಮಾ ಬಂತು. ಅತ್ತೆ ಅದನ್ನು ಒದ್ದೆಬಟ್ಟೆಯಲ್ಲಿ ಕಟ್ಟಿ ಹಿಂಡಿದರು. ನಾನು ತೆಂಗಿನಕಾಯಿ, ಚಕ್ಕೆ, ಲವಂಗ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಕೊತ್ತಂಬರಿ ರುಬ್ಬಿಕೊಟ್ಟೆ. ಹುರಿಗಡಲೆ ಪುಡಿಯನ್ನು ಒಂದು ಹಿಡಿ ಹೆಚ್ಚಾಗಿಯೇ ಹಾಕಿದೆ. ನೀರನ್ನು ಅದು ಹೀರಿಕೊಳ್ಳುತ್ತದೆ. ಒಡೆಯಬಾರದಲ್ಲ.

ಏನೂ ತೋಚದವರಿಗೆಂದು ಸುಲಭದ ರೂಪಗಳು ಕೆಲವು ಇವೆ. ಶಾಲೆಯ ಮಕ್ಕಳೆಲ್ಲ ಅವನ್ನೇ ಮಾಡುತ್ತಾರೆ. ಕಣ್ಣು ಬೇಕಾದರೆ ಗುಂಡಗಿನ ಉಂಡೆಗೆ ಬೆಂದ ಮೊಟ್ಟೆಯ ಬಿಳಿಯ ಬಿಲ್ಲೆ ಅಂಟಿಸಿ ನಡುವೆ ಒಂದು ಕಾಳುಮೆಣಸು ಒತ್ತಿದರೆ ಆಯಿತು. ಬಿಲ್ಲೆಯನ್ನು ಕರಿದ ಮೇಲೆ ಇಡಬೇಕು. ಜೇಡ ಬೇಕಾದರೆ ಉಂಡೆಗೆ ಎಂಟು ಶಾವಿಗೆಯ ಕಡ್ಡಿ ಚುಚ್ಚಬೇಕು. ಬಟ್ಟೆ ಸುತ್ತಿದ ಹೆಣವಾದರೆ ಉದ್ದನೆಯ ಉಂಡೆಗೆ ಮೈದಾಹಿಟ್ಟಿನ ಸಣ್ಣ ಪಟ್ಟಿಗಳನ್ನು ಅಡ್ಡಾದಿಡ್ಡಿ ಸುತ್ತಿ, ಸಂದಿಯಲ್ಲಿ ಎರಡು ಸಾಸಿವೆಕಾಳು ಇಡಬೇಕು. ಹೆಣ ಒಳಗಿನಿಂದ ಇಣುಕಿ ನೋಡಿದ ಹಾಗೆ ಕಾಣುತ್ತದೆ. ನಾನು ಮೂರನ್ನೂ ಮಾಡಿದೆ. ಯಾವುದಾದರೊಂದು ನಿಲ್ಲುತ್ತದೆ ಎಂದು ನನ್ನ ಅಂದಾಜು.

ಅತ್ತೆ ತಮ್ಮ ಹಲ್ಲಿಯ ಬಾಲ ಎಳೆಯುತ್ತಲೇ ನನ್ನ ತಟ್ಟೆಯ ಕಡೆ ನೋಡಿದರು.

"ಜೇಡಾನಾ? ನಿಂಗೆ ಜೇಡದ ಭಯಾನಾ ಶಶಿ? ಮೊನ್ನೆ ಬಚ್ಚಲಿಂದ ಬರಿಗೈಲಿ ಹಿಡ್ಕೊಂಡು ಹೋಗಿ ಆಚೆ ಬಿಟ್ಟೆ."

"ಅದು ಸಣ್ಣದಿತ್ತು ಅತ್ತೆ."

"ಅಂಗೈ ಅಗಲ ಇತ್ತು."

ಅವರು ಕೈಚಾಚಿ ಹೆಣದ ಒಂದು ಸಾಸಿವೆಕಾಳನ್ನು ಸ್ವಲ್ಪ ಸರಿಸಿದರು. ಎರಡು ಕಣ್ಣೂ ಒಂದೇ ಮಟ್ಟಕ್ಕೆ ಬಂದವು.

ಅವರ ತಲೆಯ ಮೇಲೆ ಗೋಡೆಯಲ್ಲಿ ಒಂದು ಹಲ್ಲಿ ಇತ್ತು. ಅಲ್ಲಿಂದ ಮೆಲ್ಲಗೆ ದೀಪದ ಗೂಡಿನ ಕಡೆ ಹೋಯಿತು. ಅತ್ತೆ ಅದನ್ನು ನೋಡಿದರು. ನೋಡಿ, ಕೆಲಸ ಮುಂದುವರಿಸಿದರು. ಸ್ಟೂಲು ಹತ್ತಲಿಲ್ಲ.

ಮೂರಾಯಿತು. ಟಣ್, ಟಣ್, ಟಣ್. ನಾನು ಏಳಲಿಲ್ಲ, ಕೈಯೆಲ್ಲ ಕೈಮಾ ಆಗಿತ್ತು. ಅತ್ತೆ ಎದ್ದು ಒದ್ದೆಗೈಯಲ್ಲೇ ಹೋಗಿ ರೇಡಿಯೋದ ಸದ್ದು ಜೋರು ಮಾಡಿದರು. ಕೃಷಿಯ ಕಾರ್ಯಕ್ರಮ ಬರುತ್ತಿತ್ತು. ಯಾರೋ ಬದನೆಯ ಕಾಯಿಕೊರಕದ ಬಗ್ಗೆ ಇಡೀ ಬೀದಿಗೆ ಕೇಳುವಂತೆ ಮಾತಾಡತೊಡಗಿದರು. ನಮಗೆ ಹೊಲವಿಲ್ಲ, ಬದನೆಯ ಒಂದು ಗಿಡವೂ ಇಲ್ಲ. ಹತ್ತು ತಿಂಗಳಿಂದ ಅತ್ತೆ ದಿನಾ ಈ ಹೊತ್ತಿಗೆ ಹೀಗೆ ಜೋರಾಗಿ ರೇಡಿಯೋ ಹಾಕುತ್ತಾರೆ. ಕಿವಿ ಮಂದವಾಗುತ್ತಿದೆ, ಒಮ್ಮೆ ಡಾಕ್ಟರಿಗೆ ತೋರಿಸಬೇಕು ಎಂದು ನಾನು ಅಂದುಕೊಂಡಿದ್ದೆ.

ನಾಲ್ಕಕ್ಕೆ ಎಣ್ಣೆ ಕಾಯಲು ಇಟ್ಟೆವು. ಮೊದಲು ನನ್ನ ಕಣ್ಣು. ಬಾಣಲೆಗೆ ಬಿದ್ದದ್ದೇ ಒಂದು ಸುತ್ತು ತಿರುಗಿತು, ಬಿರುಕು ಬಿಟ್ಟಿತು, ಪುಡಿಪುಡಿಯಾಗಿ ಹರಡಿತು. ಜಾಲರಿಯಲ್ಲಿ ಎತ್ತಿ ಬದಿಗೆ ಹಾಕಿದೆ. ಜೇಡ ಕಾಲು ಕಳೆದುಕೊಂಡಿತು, ಆಮೇಲೆ ಮೈಯನ್ನೂ. ಹೆಣದ ಪಟ್ಟಿಗಳು ಬಿಚ್ಚಿಕೊಂಡು ಬೋಂಡದ ಚೂರಿನ ಹಾಗೆ ತೇಲಿದವು. ಒಳಗಿನದು ತಳ ಸೇರಿತು.

"ನೀರು ಸರಿಯಾಗಿ ಹಿಂಡಿಲ್ಲ ಅತ್ತೆ," ಎಂದೆ.

"ಹಿಂಡಿದ್ದು ನಾನು. ಮೂವತ್ತೈದು ವರ್ಷದಿಂದ ಹಿಂಡ್ತಾ ಇದೀನಿ. ಸರಿ, ಈಗ ನೋಡು," ಎಂದು ಅವರು ಸೆರಗು ಸಿಕ್ಕಿಸಿಕೊಂಡು ಬಂದು ತಮ್ಮ ಹಲ್ಲಿಯನ್ನು ಅಂಗೈಯಿಂದ ಜಾರಿಸಿ ಬಿಟ್ಟರು.

ಹಲ್ಲಿ ಮೊದಲು ತೇಲಿತು. ಬಾಲ ಉದುರಿತು. ಅದು ಹಲ್ಲಿಗೆ ಸಹಜ ಎಂದು ನಾನು ಕಾದೆ. ಆಮೇಲೆ ನಾಲ್ಕು ಕಾಲು, ತಲೆ. ಅರ್ಧ ನಿಮಿಷದಲ್ಲಿ ಬಾಣಲೆಯಲ್ಲಿ ಹಲ್ಲಿ ಇರಲಿಲ್ಲ. ನಿಂಗಾಜಮ್ಮನ ಹಲ್ಲಿ ಒಡೆದದ್ದು ಬೀದಿಯಲ್ಲಿ ಯಾರೂ ಕೇಳಿಲ್ಲ, ಕಂಡಿಲ್ಲ. ಅತ್ತೆ ಜಾಲರಿ ಹಿಡಿದು ಎಣ್ಣೆಯನ್ನೇ ನೋಡುತ್ತ ನಿಂತರು. ನಾನು ಒಲೆ ಸಣ್ಣ ಮಾಡಿದೆ.

"ಈ ಸಲ ಕೈಮಾನೇ ಸರಿ ಇಲ್ಲ," ಎಂದೆ.

"ಜೈಬುನ್ ಕೊಟ್ಟ ಕೈಮಾಗೆ ಏನೂ ಆಗಿಲ್ಲ."

ಆ ಹೊತ್ತಿಗೆ ಹೊರಗಿನಿಂದ ಆಪಾ ಕೂಗಿದರು. "ನಿಂಗಾಜಮ್ಮಾ, ಆಯ್ತಾ? ಮೇಷ್ಟ್ರು ಆಗ್ಲೇ ಕೈ ತೊಳ್ಕೊಂಡು ಜಗುಲಿ ಮೇಲೆ ಕೂತವ್ರೆ!"

"ಬರ್ಲಿ, ಹತ್ತು ನಿಮಿಷ!" ಎಂದು ಅತ್ತೆ ಕೂಗಿಕೊಂಡರು. ಮತ್ತೆ ತಗ್ಗಿದ ದನಿಯಲ್ಲಿ, "ಎಷ್ಟು ಉಳಿದಿದೆ?" ಎಂದು ಕೇಳಿದರು.

ಪಾತ್ರೆಯ ತಳದಲ್ಲಿ ಎರಡು ಹಿಡಿ ಇತ್ತು. ಅತ್ತೆ ಅದನ್ನು ಸಮನಾಗಿ ಎರಡು ಪಾಲು ಮಾಡಿ ಒಂದನ್ನು ನನ್ನ ಕಡೆ ತಳ್ಳಿದರು. "ಒಬ್ಬರ ಮುಖ ಒಬ್ಬರು ನೋಡೋದು ಬೇಡ. ನೀನು ಆ ಕಡೆ ತಿರುಗು, ನಾನು ಈ ಕಡೆ ತಿರುಗ್ತೀನಿ," ಎಂದರು. ಹಾಗೆಂದವರು ತಿರುಗದೆ ಒಂದು ಕ್ಷಣ ನಿಂತರು. "ಏನಾದ್ರೂ ಮಾಡು ಶಶಿ. ಸುಲಭದ್ದು ಬೇಡ."

ನಾನು ಕಿಟಕಿಯ ಕಡೆ ತಿರುಗಿದೆ. ಹಿತ್ತಿಲು ಕಾಣಿಸುತ್ತಿತ್ತು. ಒಗೆಯುವ ಕಲ್ಲಿನಿಂದ ನೆರಳು ಆಗಲೇ ಸರಿದಿತ್ತು. ಸುಮ್ಮನೆ ಒಂದು ಉಂಡೆ ಕಟ್ಟಿದೆ. ಅಂಗೈಯಲ್ಲಿ ಹೊರಳಿಸಿ ಉದ್ದ ಮಾಡಿದೆ. ಇನ್ನೂ ಮನಸ್ಸು ಮಾಡಿರಲಿಲ್ಲ. ಹೆಬ್ಬೆರಳು ಮಾತ್ರ ತಾನಾಗಿಯೇ ಒಂದು ತುದಿಯಲ್ಲಿ ಇಳಿಯಿತು. ಒಳಗೆ ತಿರುವಿ ತಿರುವಿ ಟೊಳ್ಳು ಮಾಡಿತು. ತಳ ಚಪ್ಪಟೆ ಮಾಡಿದೆ. ಬಾಯಿಯ ಸುತ್ತ ಉಗುರಿನಿಂದ ಅಂಚು ಎಳೆದೆ. ಟೊಳ್ಳು ಉಂಡೆ ಎಣ್ಣೆಯಲ್ಲಿ ನಿಲ್ಲುವುದು ಕಷ್ಟ ಎಂದು ಯಾವ ಅಡುಗೆಯವರೂ ಹೇಳುತ್ತಾರೆ. ಒಡೆದರೆ ಒಳ್ಳೆಯದು ಎಂದುಕೊಂಡೆ. ಒಡೆದರೆ ಯಾರಿಗೂ ತಿಳಿಯುವುದಿಲ್ಲ.

ಅತ್ತೆಯ ಬೆನ್ನು ನನ್ನ ಕಡೆಗಿತ್ತು. ಒಲೆ ದೊಡ್ಡದು ಮಾಡಿ ಅದನ್ನು ಬಿಟ್ಟೆ.

ಮುಳುಗಿತು. ಸುತ್ತ ಗುಳ್ಳೆಗಳು ಎದ್ದವು. ನಾನು ಎಣಿಸಿದೆ. ಹತ್ತು, ಇಪ್ಪತ್ತು. ಮೂವತ್ತಕ್ಕೆ ಲೋಟ ಮೇಲೆ ಬಂದು ಎಣ್ಣೆಯಲ್ಲಿ ನೆಟ್ಟಗೆ ನಿಂತಿತು. ಒಂದು ಬಿರುಕೂ ಇರಲಿಲ್ಲ. ಅಂಚಿನ ಗೆರೆ ಸ್ಪಷ್ಟವಾಗಿತ್ತು. ಅದೇ ಕೈಮಾ, ಅದೇ ನೀರು, ಅದೇ ಹುರಿಗಡಲೆ. ನಾನು ಜಾಲರಿಗೆ ಕೈಹಾಕುವಷ್ಟರಲ್ಲಿ ಅತ್ತೆ ತಿರುಗಿ ನನ್ನ ಪಕ್ಕದಲ್ಲಿ ನಿಂತಿದ್ದರು. ಬಾಣಲೆಯೊಳಗೆ ನೋಡುತ್ತಿದ್ದರು.

ರೇಡಿಯೋದಲ್ಲಿ ಹವಾಮಾನ ವರದಿ ಮುಗಿಯಿತು. ಯಾವುದೋ ವಾದ್ಯ ಶುರುವಾಯಿತು. ನನ್ನ ಬಟ್ಟೆ ಎಷ್ಟು, ಪುಸ್ತಕ ಎಷ್ಟು, ಎರಡು ಚೀಲಕ್ಕೆ ಹಿಡಿಯುತ್ತದೆಯೇ ಎಂದು ನಾನು ಯೋಚಿಸಿದೆ.

"ಬಾಯಿ ಸ್ವಲ್ಪ ಅಗಲ ಆಯ್ತು," ಎಂದರು ಅತ್ತೆ. "ಅವನ ಲೋಟದ್ದು ಇಷ್ಟು ಅಗಲ ಇರ್ಲಿಲ್ಲ."

ಹೇಳಿ, ಮುಚ್ಚಿದ್ದ ಅಂಗೈ ಬಿಚ್ಚಿದರು. ಅದರಲ್ಲೂ ಒಂದು ಲೋಟ ಇತ್ತು. ನನ್ನದಕ್ಕಿಂತ ಅಚ್ಚುಕಟ್ಟಾಗಿತ್ತು, ಹಲ್ಲಿಯ ಬಾಲ ಎಳೆದು ಪಳಗಿದ ಕೈ ಅದು. ತಳದಲ್ಲಿ ಒಂದು ಕಡೆ ಸಣ್ಣ ನೆಗ್ಗು ಮಾಡಿದ್ದರು. ಮಾದೇಶನ ಲೋಟದಲ್ಲಿ ಆ ನೆಗ್ಗು ಇದೆ, ಮಂಚದ ಪಟ್ಟಿಗೆ ಬಡಿದು ಬಡಿದು ಆದದ್ದು. ನಾನು ಮರೆತಿದ್ದೆ.

"ನಾನು ನಿದ್ದೆ ಮಾಡಿರ್ಲಿಲ್ಲ ಕಣೇ," ಎಂದರು. "ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ. ಎರಡು ಸಲ ಬಡಿದ. ಕೇಳಿಸ್ತು. ಶಶಿ ಹಿತ್ಲಲ್ಲಿದಾಳೆ, ಅವಳು ಹೋಗ್ತಾಳೆ ಅಂದ್ಕೊಂಡೆ. ಸೊಂಟ ಎತ್ತೋಕಾಗ್ತಿರ್ಲಿಲ್ಲ. ಸುಳ್ಳು. ಆಗ್ತಿತ್ತು. ಎದ್ದೇಳ್ಲಿಲ್ಲ, ಅಷ್ಟೆ."

"ನಾನು ಕೂತಿದ್ದೆ," ಎಂದೆ. "ಕಲ್ಲಿನ ಮೇಲೆ. ನೀವು ಹೋಗ್ತೀರಿ ಅಂತ."

"ಗೊತ್ತು. ಆಮೇಲೆ ಗೊತ್ತಾಯ್ತು. ನೀನು ಒಳಗೆ ಬಂದಾಗ ನಿನ್ನ ಕೈ ಒಣಗಿತ್ತು."

ಹತ್ತು ತಿಂಗಳಿಂದ ಅವರಿಗೆ ಗೊತ್ತಿತ್ತು. ನನಗೆ ಸಿಟ್ಟು ಬರಬೇಕಿತ್ತೇನೋ. ಬಂದದ್ದು ಉಸಿರು. ಎಲ್ಲೋ ಕೆಳಗಿನಿಂದ, ಹೊಟ್ಟೆಯ ತಳದಿಂದ ಒಂದು ಉದ್ದನೆಯ ಉಸಿರು ಬಂತು. ಅಷ್ಟು ದಿನ ನಾನು ಎದೆಯ ಮೇಲ್ಭಾಗದಲ್ಲಿ ಮಾತ್ರ ಉಸಿರಾಡುತ್ತಿದ್ದೆ ಎಂದು ಆಗಲೇ ತಿಳಿದದ್ದು.

"ಮೂರಕ್ಕೆ ನಿಮಗೂ ಕೇಳಿಸುತ್ತಾ ಅತ್ತೆ?"

"ಇನ್ನೇನು, ನಂಗೆ ಬದನೆಕಾಯಿ ಹುಳದ ಮೇಲೆ ಪ್ರೀತಿ ಅಂದ್ಕೊಂಡಿದ್ಯಾ?" ಎಂದು ಅತ್ತೆ ತಮ್ಮ ಲೋಟವನ್ನು ನನ್ನದರ ಪಕ್ಕಕ್ಕೆ ಬಿಟ್ಟರು. ಅದೂ ಮುಳುಗಿತು, ಅದೂ ಮೇಲೆ ಬಂತು. ಎರಡೂ ಕೆಂಪಗಾಗುವ ತನಕ ನಾವು ಬಾಣಲೆಯ ಮುಂದೆ ನಿಂತಿದ್ದೆವು. ಅತ್ತೆ ಒಮ್ಮೆ ಸೆರಗಿನಿಂದ ಮೂಗು ಒರೆಸಿಕೊಂಡರು. ಒಮ್ಮೆ ಅದೇ ಸೆರಗಿನಿಂದ ನನ್ನದನ್ನೂ ಒರೆಸಿದರು. ಒಗ್ಗರಣೆಯ ವಾಸನೆ ಇತ್ತು.

ಆಪಾ ಮತ್ತು ಮೇಷ್ಟ್ರು ಬಂದು ನಡುಮನೆಯ ಚಾಪೆಯ ಮೇಲೆ ಕೂತರು. ಸಂಪಂಗಿ ಮೇಷ್ಟ್ರು ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದವರು, ನಿವೃತ್ತರು. ಹಬ್ಬದ ದಿನ ಮಧ್ಯಾಹ್ನದ ಊಟ ಬಿಟ್ಟು ಬರುತ್ತಾರೆ. ನಾನು ತಟ್ಟೆಯನ್ನೂ ಸಾರಿನ ಪಾತ್ರೆಯನ್ನೂ ತಂದಿಟ್ಟೆ. ಅವರಿಬ್ಬರೂ ನೋಡಿದರು. ಹಲ್ಲಿ ಇರಲಿಲ್ಲ. ಎರಡು ಲೋಟ ಇದ್ದವು. ಆಪಾ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಚಾವಣಿ ನೋಡಿದರು. ಕೇಳುವ ಹಾಗಿಲ್ಲ.

ಆಪಾ ಅತ್ತೆಯ ಲೋಟ ಎತ್ತಿಕೊಂಡು ನೆಗ್ಗು ಇದ್ದ ಕಡೆಯಿಂದ ಕಚ್ಚಿದರು. ನಿಧಾನವಾಗಿ ಅಗಿದರು. "ಉಪ್ಪು ಸರಿಯಾಗಿದೆ," ಎಂದರು. ಅವರ ಕಣ್ಣು ತುಂಬಿತ್ತು. ಮೆಣಸಿನಕಾಯಿ ಇರಬಹುದು.

ಮೇಷ್ಟ್ರು ನನ್ನದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಪಕ್ಕದಲ್ಲಿದ್ದ ಸಾರಿನ ಪಾತ್ರೆಯಿಂದ ಒಂದು ಸೌಟು ಸಾರನ್ನು ಜೋಪಾನವಾಗಿ ಅದರೊಳಗೆ ಹುಯ್ದರು. ನಾವು ನೋಡುತ್ತಲೇ ಇದ್ದೆವು. ಅವರು ಗಂಭೀರವಾಗಿ ಅದನ್ನು ತುಟಿಗೆ ಹಿಡಿದು ಸೊರ್ರೆಂದು ಕುಡಿದರು. ತಳ ಸೋರಿ ಸಾರು ಅವರ ಬಿಳಿಯ ಅಂಗಿಯ ಮೇಲೆ ಇಳಿಯಿತು. ಅವರು ಕೆಳಗೆ ನೋಡಲಿಲ್ಲ. ಕುಡಿದು ಮುಗಿಸಿ ಲೋಟವನ್ನೂ ಬಾಯಿಗೆ ಹಾಕಿಕೊಂಡರು.

ಮೊದಲು ನಕ್ಕಿದ್ದು ಅತ್ತೆ. ತಡೆದುಕೊಳ್ಳಲು ನೋಡಿ, ಆಗದೆ, ಮಂಡಿಯ ಮೇಲೆ ಹಣೆಯಿಟ್ಟು ನಕ್ಕರು. "ಅಯ್ಯೋ, ಇವರ ಹೊಟ್ಟೆಗೆ... ಮೇಷ್ಟ್ರೇ, ಅಂಗಿ!" ಎಂದರು. ಆಪಾಗೆ ಕೆಮ್ಮು ಬಂತು. ನಾನೂ ನಗುತ್ತಿದ್ದೆ. ನನ್ನ ನಗುವಿನ ಸದ್ದು ನನಗೇ ಹೊಸದಾಗಿ ಕೇಳಿಸಿತು.

"ಸಾರಿಗೆ ಹುಳಿ ಸ್ವಲ್ಪ ಕಡಿಮೆ," ಎಂದು ಮೇಷ್ಟ್ರು ಹೇಳಿದರು. ರುಚಿಯ ವಿಷಯ ಆಡಬಹುದು.

ಹೊರಡುವಾಗ ಅವರು ಹೊಸ್ತಿಲ ಬಳಿ ಚಪ್ಪಲಿ ಹುಡುಕುತ್ತ ತಡಮಾಡಿದರು. ಚಪ್ಪಲಿ ಕಾಲ ಬುಡದಲ್ಲೇ ಇತ್ತು. ನಾನು ಬಾಗಿಲು ಹಿಡಿದು ನಿಂತಿದ್ದೆ.

"ನೋಡಮ್ಮ, ಹೇಳಬಾರದು," ಎಂದರು. "ಈ ಊರಲ್ಲಿ ತಿಂದದ್ದರ ವಿಷಯ ಹೇಳೋ ಪದ್ಧತಿ ಇಲ್ಲ. ಆದರೂ ಹೇಳ್ತೀನಿ. ಹೋದ ವರ್ಷ ಮಾದೇಶ ಮಾಡಿದ್ದನಲ್ಲ, ಆ ಕುರ್ಚಿ. ನಾನು ಪೂರ್ತಿ ತಿಂದಿದ್ದೆ. ನಾಲ್ಕು ಕಾಲೂ. ಒಂದು ಚೂರು ತಟ್ಟೇಲಿ ಬಿಟ್ಟಿರ್ಲಿಲ್ಲ."

ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದರು. ಅಂಗಿಯ ಮೇಲೆ ಸಾರಿನ ಕಲೆ ಹಾಗೇ ಇತ್ತು.

ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ. ಹಬ್ಬದಲ್ಲಿ ತಿಂದದ್ದು ವರ್ಷದ ಮಟ್ಟಿಗೆ ಹೋಯಿತು. ಅವನು ಸತ್ತದ್ದು ಎರಡು ತಿಂಗಳಿಗೆ. ಹಬ್ಬಕ್ಕೆ ಮುಂಚೆ ಅವನು ಸುಮ್ಮಸುಮ್ಮನೆ ಲೋಟ ಬಡಿಯುತ್ತಿದ್ದ. ಹೋದರೆ, ಏನಿಲ್ಲ, ಇದೀಯಾ ಅಂತ ನೋಡಿದೆ ಎನ್ನುತ್ತಿದ್ದ. ಹಬ್ಬದ ಮೇಲೆ ಹಾಗೆ ಒಂದು ಸಲವೂ ಬಡಿದಿರಲಿಲ್ಲ. ಕುರ್ಚಿಯನ್ನು ಕಿಟಕಿಯಿಂದ ದೂರ ಇಡು, ಬೆಳಕಿಗೆ ಅಡ್ಡ ಬರುತ್ತೆ ಎಂದು ಕೂಡ ಒಂದು ದಿನ ಹೇಳಿದ್ದ. ಆ ಮಧ್ಯಾಹ್ನ ಅವನಿಗೆ ನೀರು ಬೇಕಿತ್ತೋ ಏನೋ. ಮಗ್ಗುಲು ನೋಯುತ್ತಿತ್ತೋ ಏನೋ. ನಾವು ಹೋಗಬೇಕಿತ್ತು, ಹೋಗಲಿಲ್ಲ. ಅದು ಇದ್ದೇ ಇರುತ್ತದೆ. ಆದರೆ ಪಕ್ಕದ ಕುರ್ಚಿ ಖಾಲಿ ಇದೆಯೆಂದು ಅವನು ಹೆದರಿರಲಿಲ್ಲ.

ಒಳಗೆ ಹೋಗಿ ಅತ್ತೆಗೆ ಹೇಳಿದೆ. ಅವರು ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ಕೈ ನಿಲ್ಲಿಸಿದರು. "ನಾಲ್ಕು ಕಾಲೂನಾ?" ಎಂದು ಕೇಳಿದರು.

"ನಾಲ್ಕೂ ಅಂತೆ."

"ಮೇಷ್ಟ್ರು ಯಾವಾಗ್ಲೂ ತಟ್ಟೆ ನೆಕ್ಕಿ ಎದ್ದೇಳೋರು. ಅದಕ್ಕೆ ನಾನು ಎಷ್ಟು ಆಡ್ಕೊಂಡಿದೀನಿ," ಎಂದು ಅತ್ತೆ ದೀಪಕ್ಕೆ ಬತ್ತಿ ಇಟ್ಟರು. ದೀಪ ಹಚ್ಚುವ ಹೊತ್ತಿನೊಳಗೆ ನಾವು ಆಪಾ ಮನೆಗೆ ಹೋಗಿ ಅವರ ನಾಯಿಯನ್ನೂ, ಮೇಷ್ಟ್ರ ಮನೆಗೆ ಹೋಗಿ ಅವರ ದವಡೆಹಲ್ಲನ್ನೂ ತಿಂದು ಬಂದೆವು. ನಾನು ಎರಡೆರಡು ಸಲ ಸಾರು ಹಾಕಿಸಿಕೊಂಡೆ. ಅಷ್ಟು ಹಸಿವಾಗಿತ್ತು.

ಮಾರನೆಯ ದಿನ ಮಧ್ಯಾಹ್ನ ಬಟ್ಟೆ ಒಗೆದು ಹರವಿ, ಒಗೆಯುವ ಕಲ್ಲಿನ ಮೇಲೆ ಕೂತೆ. ಬೇಕೆಂದೇ ಕೂತೆ. ನುಗ್ಗೆಮರದ ನೆರಳು ಬಂದಿತ್ತು. ಮೂರಾಯಿತು. ಒಳಗೆ ರೇಡಿಯೋ ಇರಲಿಲ್ಲ. ಲೋಟದ ಸದ್ದೂ ಇರಲಿಲ್ಲ. ನಾನು ಕಾದೆ. ಎಲ್ಲೋ ಒಂದು ಮನೆಯಲ್ಲಿ ಒಗ್ಗರಣೆ ಸಿಡಿಯಿತು, ಆಪಾ ಯಾರನ್ನೋ ಬೈದರು, ಒಂದು ಎಲೆ ಬಿತ್ತು. ಬಟ್ಟೆಗಳ ಅಂಚು ಮೆಲ್ಲಗೆ ಒಣಗುತ್ತಿತ್ತು. ನಾನು ಕಣ್ಣು ಮುಚ್ಚಿದೆ.

"ಶಶೀ! ಶಶೀ, ಬಾರೇ ಬೇಗ! ಹಲ್ಲಿ ಕಣೇ! ತಲೆ ಮೇಲೆ ಬೀಳುತ್ತೆ! ಶಶೀ!"

ಸ್ಟೂಲು ಎಳೆದ ಸದ್ದು ಕೇಳಿಸಿತು. ನಾನು ಮೊದಲ ಕೂಗಿಗೇ ಎದ್ದು ಓಡುತ್ತಿದ್ದೆ. "ಬಂದೆ ಅತ್ತೆ, ಬಂದೆ, ಬಂದೆ!"